ಬೋಳುಗುಡ್ಡದ ಜೋಡಿ ಪಾಸು

ನಮ್ಮ ಮನೆಯಲ್ಲಿ ಬೆಳಗಾಗುವುದು ನಲ್ಲಿಯ ಸದ್ದಿನಿಂದ. ನೀರು ಬರುವ ಮುಂಚೆ ಅದು ಒಂದು ಸಲ ಕೆಮ್ಮುತ್ತದೆ, ಆಮೇಲೆ ಸೀನುತ್ತದೆ, ಆಮೇಲೆ ಒಂದಿಷ್ಟು ಗಾಳಿ ಬಿಟ್ಟು ಕೊನೆಗೆ ನೀರು ಬಿಡುತ್ತದೆ. ಮೊನ್ನೆ ಸೋಮವಾರವೂ ಹಾಗೇ ಆಯಿತು. ಡ್ರಮ್ ತುಂಬಿಸಿದೆ, ನೀರುದೋಸೆಗೆ ಅಕ್ಕಿ ತಿರುವಿದೆ, ನಮ್ಮ ಮನೆಯವರ ಕನ್ನಡಕವನ್ನು ಫ್ರಿಜ್ಜಿನ ಮೇಲಿನಿಂದ ತೆಗೆದುಕೊಟ್ಟೆ. ಇವರದು ಕೊಪ್ಪದ ಬಸ್‌ಸ್ಟ್ಯಾಂಡ್ ಹತ್ತಿರ ಒಂದು ಮೆಡಿಕಲ್ ಶಾಪು. ಊರಿನವರಿಗೆಲ್ಲ ಯಾವ ಮಾತ್ರೆ ಯಾವ ಕಪಾಟಿನಲ್ಲಿದೆ ಎಂದು ಕಣ್ಣು ಮುಚ್ಚಿ ಹೇಳುವ ಮನುಷ್ಯನಿಗೆ ಕನ್ನಡಕ ಎಲ್ಲಿಟ್ಟೆ ಎನ್ನುವುದು ಮಾತ್ರ ಇಪ್ಪತ್ತಾರು ವರ್ಷದಿಂದ ಗೊತ್ತಾಗಿಲ್ಲ.

ಅವರು ಹೊರಟ ಮೇಲೆ ಅಂಗಳಕ್ಕೆ ಬಂದರೆ ಬಿಸಿಲು! ದೀಪಾವಳಿ ಮುಗಿದು ನಾಲ್ಕು ದಿನ ಆಗಿತ್ತು. ಮೋಡದ ಹಿಂದೆ ತಿಂಗಳುಗಟ್ಟಲೆ ಕೂತಿದ್ದ ಬಿಸಿಲು ಬಾಡಿಗೆ ಕೊಡಲು ಬಂದವರ ಹಾಗೆ ಸಂಕೋಚದಿಂದ ಮೆಟ್ಟಿಲ ಮೇಲೆ ನಿಂತಿತ್ತು. ನಮ್ಮ ಕಡೆಯ ಹೆಂಗಸರು ಇಂಥ ಬಿಸಿಲು ಕಂಡರೆ ಸುಮ್ಮನಿರುವುದಿಲ್ಲ. ಮಳೆಗಾಲವಿಡೀ ಟ್ರಂಕಿನಲ್ಲಿ ಬೂಷ್ಟು ಹಿಡಿದ ಕಂಬಳಿ, ಸ್ವೆಟರು, ಮದುವೆಯ ಸೀರೆ ಎಲ್ಲವನ್ನೂ ಹೊರಗೆ ತಂದು ಹರಡಲೇಬೇಕು. ನಾನೂ ತಂದೆ. ಕಂಬಳಿಯ ಅಡಿಯಲ್ಲಿ ಇವರ ಹಳೆಯ ನೀಲಿ ಟ್ರ್ಯಾಕ್ ಪ್ಯಾಂಟು ಮಡಚಿಟ್ಟಿತ್ತು. ಕೊಡವಿದಾಗ ಅದರ ಜೇಬಿನಿಂದ ಟಪ್ ಎಂದು ಬಿತ್ತು, ಆ ಪಾಸು.

ಪ್ಲಾಸ್ಟಿಕ್ ಹೊದಿಕೆಯ ಹಳದಿ ಕಾರ್ಡು. ಮೇಲೆ ‘ಬೋಳುಗುಡ್ಡ ಹುಲ್ಲು ಸ್ಕೀಯಿಂಗ್’ ಎಂದೂ ಅದರ ಕೆಳಗೆ ‘ಜೋಡಿ ಪಾಸು, ಎರಡು ಸೀಸನ್ನಿಗೆ’ ಎಂದೂ ಇದೆ. ಎರಡು ಫೋಟೋಗಳಿವೆ. ಎಡಗಡೆಯದು ನಾನು, ಕಾನ್ವೆಂಟಿನ ಗ್ರೂಪ್ ಫೋಟೋಗೆ ನಿಂತ ಹಾಗೆ ಗಲ್ಲ ಎತ್ತಿಕೊಂಡು. ಬಲಗಡೆಯದು ಪಕ್ಕದ ಮನೆಯ ನಳಿನಕ್ಕ, ಕಣ್ಣು ಮುಚ್ಚಿಕೊಂಡು. ‘ಇನ್ನೊಂದು ತೆಗೀಲಾ’ ಎಂದು ಕೇಳಿದಾಗ, ‘ಬೇಡ, ಗುಡ್ಡ ಇಳಿಯುವಾಗಲೂ ನಾನು ಹೀಗೇ ಇರೋದು’ ಎಂದಿದ್ದರು.

ಆ ಫೋಟೋವನ್ನೇ ನೋಡುತ್ತ ಮೆಟ್ಟಿಲ ಮೇಲೆ ಕೂತೆ. ನಳಿನಕ್ಕ ನನ್ನೊಡನೆ ಮಾತು ಬಿಟ್ಟು ಶಿವರಾತ್ರಿಯಿಂದ ಈಚೆಗೆ ಒಂಬತ್ತು ತಿಂಗಳಾಗಿತ್ತು. ತಪ್ಪು ನನ್ನದು. ಅಷ್ಟರಲ್ಲಿ ಫೋನು ಟಿಣ್ ಎಂದಿತು. ಬೋಳುಗುಡ್ಡದ ಒಡೆಯ ಸುಧೀರನ ಮೆಸೇಜು: ‘ಸೀಸನ್ ಶುರು. ಕೆಳಗಿನ ಅರ್ಧ ಮಾತ್ರ ಓಪನ್. ಇಬ್ಬನಿ ಜೋರಿದೆ, ಹತ್ತರ ಮೇಲೆ ಬನ್ನಿ.’

ನೀವು ಕೇಳಬಹುದು, ಕೊಪ್ಪದಲ್ಲಿ ಎಲ್ಲಿಯ ಸ್ಕೀಯಿಂಗು ಎಂದು. ನಾನೂ ಕೇಳಿದ್ದೆ. ನಮ್ಮಲ್ಲಿ ಬೆಳ್ಳಗೆ ಬೀಳುವುದು ಇಬ್ಬನಿ ಒಂದೇ. ಆದರೆ ಸುಧೀರ ಒಂಬತ್ತು ವರ್ಷ ಹಿಮಾಚಲದಲ್ಲಿ ಯಾವುದೋ ಹೋಟೆಲಿನ ಅಡುಗೆಮನೆಯಲ್ಲಿದ್ದವನು. ಅಲ್ಲಿ ಹಿಮ ಕರಗಿದ ಮೇಲೂ ಜನ ಸುಮ್ಮನಿರದೆ, ಉರುಳೆ ಕೂಡಿಸಿದ ಗಿಡ್ಡ ಹಲಗೆಗಳನ್ನು ಕಾಲಿಗೆ ಕಟ್ಟಿಕೊಂಡು ಹುಲ್ಲಿನ ಮೇಲೆ ಜಾರುತ್ತಾರಂತೆ. ಅಪ್ಪ ತೀರಿಕೊಂಡ ಮೇಲೆ ಊರಿಗೆ ಬಂದವನಿಗೆ ಪಾಲಿಗೆ ಸಿಕ್ಕಿದ್ದು ಶೆಟ್ಟಿಕೊಪ್ಪದ ದಾರಿಯಲ್ಲಿರುವ ಬೋಳುಗುಡ್ಡ. ಹುಲ್ಲು ಬಿಟ್ಟರೆ ಬೇರೆ ಏನೂ ಬೆಳೆಯದ ಗುಡ್ಡ. ಅಣ್ಣಂದಿರು ನಕ್ಕರು. ಇವನು ಅಲ್ಲಿಂದ ಆರು ಜೊತೆ ಹಲಗೆ ತರಿಸಿ, ಬುಡದಲ್ಲಿ ಒಂದು ಶೀಟಿನ ಶೆಡ್ಡು ಹಾಕಿ, ಬೋರ್ಡು ಬರೆಸಿಬಿಟ್ಟ. ಆ ಹಲಗೆಗಳ ಅಡಿ ನೋಡಬೇಕು ನೀವು, ಬುಲ್ಡೋಜರಿನ ಮರಿಗಳ ಹಾಗಿವೆ.

ಜೋಡಿ ಪಾಸನ್ನು ಅವನು ಮಾಡಿದ್ದು ಶೃಂಗೇರಿಗೆ, ಸಿರಿಮನೆ ಜಲಪಾತಕ್ಕೆ ಎಂದು ಸುತ್ತಾಡುವ ಹೊಸ ದಂಪತಿಗಳಿಗಾಗಿ. ಹೊಸ ದಂಪತಿಗಳು ಎರಡು ಸೀಸನ್ ಇಲ್ಲೇ ಯಾಕೆ ಇರುತ್ತಾರೆ ಎನ್ನುವುದು ಅವನಿಗೆ ಹೊಳೆದಿರಲಿಲ್ಲ. ಬೋರ್ಡು ನೋಡಿ ಆಸೆಪಟ್ಟವಳು ನಾನು. ನಮ್ಮ ಮನೆಯವರನ್ನು ಕೇಳಿದೆ. ‘ನನ್ನ ಸೊಂಟಕ್ಕೆ ನನ್ನ ಅಂಗಡೀಲೇ ಮದ್ದಿಲ್ಲ’ ಎಂದರು. ನಳಿನಕ್ಕ ಅವರ ಯಜಮಾನರನ್ನು ಕೇಳಿದರು. ರಿಟೈರಾದ ಪಿ.ಟಿ. ಮೇಷ್ಟ್ರು ಅವರು, ಮೂವತ್ತು ವರ್ಷ ಮಕ್ಕಳನ್ನು ಓಡಿಸಿದವರು. ‘ಓಡ್ಸೋದು ನನ್ನ ಕೆಲಸ ಆಗಿತ್ತು, ಓಡೋದಲ್ಲ’ ಎಂದು ಪೇಪರು ಬಿಡಿಸಿದರು.

ಕೊನೆಗೆ ನಾವಿಬ್ಬರೇ ಹೋಗಿ ಸುಧೀರನ ಮುಂದೆ ನಿಂತೆವು.

‘ಅಕ್ಕ, ಇದು ಜೋಡಿಗೆ’ ಎಂದ ಅವನು, ತಲೆ ಕೆರೆದುಕೊಳ್ಳುತ್ತ.

‘ನಾವು ಎಷ್ಟು ಜನ ಇದೀವಿ ಕಾಣ್ತದೆ ನಿಂಗೆ?’ ನಳಿನಕ್ಕ ಕೇಳಿದರು.

‘ಇಬ್ರು.’

‘ಮತ್ತೆ? ಗಂಡ ಹೆಂಡ್ತಿ ಅಂತ ಬರ್ಸಿದೀಯಾ ಬೋರ್ಡಲ್ಲಿ? ಬರೀ ಮಾರಾಯ, ಬರೀ.’

ಬರೆದ. ಹಾಗೆ ನಾನು ನಲವತ್ತೊಂಬತ್ತನೇ ವಯಸ್ಸಿಗೆ, ನಳಿನಕ್ಕ ಐವತ್ತಾರಕ್ಕೆ, ಒಂದು ಗುಡ್ಡದ ಸೀಸನ್ ಪಾಸುದಾರರಾದೆವು.

ಜಾರುವುದು ನನಗೆ ಹೊಸದಲ್ಲ ಎಂದು ಆಗ ಜಂಬ ಕೊಚ್ಚಿಕೊಂಡಿದ್ದೆ. ನಾನು ಓದಿದ್ದು ಹಾಸ್ಟೆಲಿನಲ್ಲಿ, ಕಾನ್ವೆಂಟು. ರಜೆಗೆ ಕಿಗ್ಗದ ಚಿಕ್ಕಮ್ಮನ ಮನೆ. ಅಲ್ಲಿ ಮನೆಯ ಹಿಂದಿನ ಇಳಿಜಾರು ದರೆಯ ಮೇಲಿಂದ ಅಡಿಕೆ ಹಾಳೆಯ ಮೇಲೆ ಕೂತು ಜಾರುವುದು ನಮ್ಮ ಆಟ. ಮುಂದೆ ಒಬ್ಬರು, ಹಿಂದೆ ಒಬ್ಬರು. ಹುಲ್ಲು ಒಣಗಿ ಹೊಂಬಣ್ಣಕ್ಕೆ ತಿರುಗಿದ ಮೇಲೆ ಹಾಳೆ ಬಾಣದ ಹಾಗೆ ಹೋಗುತ್ತದೆ. ಆದರೆ ದಸರಾ ರಜೆಯ ಹೊತ್ತಿಗೆ ಹುಲ್ಲು ಇನ್ನೂ ಹಸಿರು, ಹಾಳೆ ಕಚ್ಚಿಕೊಂಡು ನಿಂತುಬಿಡುತ್ತದೆ, ನಾವು ಮಾತ್ರ ಮುಂದೆ ಹೋಗುತ್ತೇವೆ! ಒಣಗುವವರೆಗೆ ಕಾಯಿರಿ ಎಂದರೆ ಯಾರು ಕಾಯುತ್ತಾರೆ, ಅಷ್ಟರಲ್ಲಿ ಹಾಸ್ಟೆಲಿಗೆ ಹೋಗುವ ದಿನ ಬಂದಿರುತ್ತಿತ್ತು. ಹೀಗಾಗಿ ನನ್ನ ಲಂಗಗಳೆಲ್ಲ ಹಸಿರು ಕಲೆ. ಚಿಕ್ಕಮ್ಮ ಆ ಕಲೆಗಳನ್ನು ಜಾತಕ ಓದಿದ ಹಾಗೆ ಓದುತ್ತಿದ್ದಳು. ಮೊಣಕಾಲಿನಲ್ಲಿದ್ದರೆ ‘ನೀನು ಮುಂದೆ ಕೂತಿದ್ದೆ’, ಹಿಂಭಾಗದಲ್ಲಿದ್ದರೆ ‘ಹಿಂದೆ ಕೂತಿದ್ದೆ’, ಎರಡೂ ಕಡೆ ಇದ್ದರೆ ‘ಬಿದ್ದವಳು ನೀನು, ಬೀಳಿಸಿದವನು ಯಾರು?’ ಆಮೇಲೆ ನಿಂಬೆಹಣ್ಣಿನ ಹೋಳಿನಿಂದ ತಿಕ್ಕುತ್ತಿದ್ದಳು. ಸೋಪಿಗೆ ಹೋಗದ ಕಲೆ ಅದು.

ಹಾಸ್ಟೆಲಿನಲ್ಲಿ ಸಿಸ್ಟರ್ ಕ್ಲಾರಿಸ್ ಎಂಬವರಿದ್ದರು. ತಲೆಯ ಮೇಲೆ ನೋಟ್‌ಬುಕ್ ಇಟ್ಟು ವರಾಂಡದ ಉದ್ದಕ್ಕೂ ನಡೆಸುತ್ತಿದ್ದರು. ಬೆನ್ನು ನೇರ, ಮಂಡಿ ನೇರ, ದೃಷ್ಟಿ ನೇರ. ಹೆಣ್ಣುಮಕ್ಕಳು ಓಡುವುದಿಲ್ಲ, ನಡೆಯುತ್ತಾರೆ. ಬೀಳುವುದಂತೂ ಇಲ್ಲವೇ ಇಲ್ಲ. ಹತ್ತು ವರ್ಷ ಕಲಿತ ಈ ವಿದ್ಯೆಯನ್ನು ಸುಧೀರ ಹತ್ತು ನಿಮಿಷದಲ್ಲಿ ಹಾಳು ಮಾಡಿದ. ‘ಸುಮನಕ್ಕ, ಮಂಡಿ ಬಗ್ಗಿಸಿ. ಇನ್ನೂ. ಬೆನ್ನು ಬಗ್ಗಿಸಿ. ಇನ್ನೂ. ನೀವೆಂತ ಅಸೆಂಬ್ಲಿಗೆ ನಿಂತ ಹಾಗೆ ನಿಲ್ತೀರಿ?’ ನಳಿನಕ್ಕ ಭಂಡಿಗಡಿಯ ಸರ್ಕಾರಿ ಶಾಲೆಯಲ್ಲಿ ಓದಿ, ಗದ್ದೆಯಲ್ಲಿ ಸಸಿ ನೆಟ್ಟಿಗೆ ಬಗ್ಗಿ ಬೆಳೆದವರು. ಅವರಿಗೆ ಒಂದೇ ಸಲಕ್ಕೆ ಬಂತು. ‘ನೋಡು, ನಿನ್ನ ಇಂಗ್ಲಿಷು ಇಲ್ಲಿ ನಡಿಯಲ್ಲ’ ಎಂದು ನಕ್ಕರು.

ನನಗೆ ಇನ್ನೊಂದು ರೋಗವಿತ್ತು, ಎಡಕ್ಕೆ ಒರಗುವುದು. ಮಗಳನ್ನು ಎತ್ತಿದ್ದು ಎಡ ಸೊಂಟದಲ್ಲಿ, ಬಾವಿಯಿಂದ ಕೊಡ ತಂದದ್ದು ಎಡ ಸೊಂಟದಲ್ಲಿ. ಮಗಳು ಮದುವೆಯಾಗಿ ಶಿವಮೊಗ್ಗಕ್ಕೆ ಹೋದಳು, ಬಾವಿಗೆ ಜಾಲರಿ ಬಿತ್ತು, ಸೊಂಟ ಮಾತ್ರ ಇನ್ನೂ ಎರಡನ್ನೂ ಹೊತ್ತುಕೊಂಡಿದೆ. ಗುಡ್ಡದ ಮೇಲಿಂದ ಬಿಟ್ಟರೆ ನಾನು ನೆಟ್ಟಗೆ ಕೆಳಗೆ ಹೋಗದೆ ಎಡಕ್ಕೆ ತಿರುಗುತ್ತ ತಿರುಗುತ್ತ ಹೋಗಿ ಬೀಳುವುದೇ. ಇದಕ್ಕೆ ಸುಧೀರ ಒಂದು ಉಪಾಯ ಮಾಡಿದ. ಉದ್ದನೆಯ ಬಿದಿರಿನ ಗಳ ಒಂದನ್ನು ಅಡ್ಡ ಹಿಡಿಸಿ ಎರಡು ತುದಿಗೆ ಇಬ್ಬರನ್ನೂ ನಿಲ್ಲಿಸಿದ. ಒಬ್ಬರು ಒರಗಿದರೆ ಇನ್ನೊಬ್ಬರು ತಳ್ಳಬೇಕು. ನಳಿನಕ್ಕ ನನ್ನ ಎಡಕ್ಕೆ. ಹೀಗೆ, ಹೆಣ ಹೊರುವವರೂ ಅಲ್ಲ, ಪಲ್ಲಕ್ಕಿ ಹೊರುವವರೂ ಅಲ್ಲ ಎನ್ನುವ ಭಂಗಿಯಲ್ಲಿ ನಾವು ಬೋಳುಗುಡ್ಡ ಇಳಿಯಲು ಕಲಿತೆವು.

ನಿಜ ಹೇಳುತ್ತೇನೆ, ಸೀಸನ್ನಿನ ಶುರುವಿನ ದಿನಗಳ ಸುಖ ಆಮೇಲೆ ಬರುವುದಿಲ್ಲ. ಡಿಸೆಂಬರಿನ ಕೊನೆಗೆ ಹುಲ್ಲೆಲ್ಲ ಒಣಗಿ, ಗುಡ್ಡ ಪೂರ್ತಿ ತೆರೆದು, ಕಾರುಗಳು ಸಾಲು ನಿಂತು, ಒಂದೊಂದು ಸಲ ಜಾರಲಿಕ್ಕೂ ಅರ್ಧ ಗಂಟೆ ಕಾಯಬೇಕು. ಒಂದು ದಿನದ ಟಿಕೆಟಿನವರು ಒಂದು ನಿಮಿಷವನ್ನೂ ಬಿಡಬಾರದು ಎಂದು ಬಿದ್ದು ಎದ್ದು ಓಡಾಡುತ್ತಾರೆ. ನವೆಂಬರಿನಲ್ಲಿ ಹಾಗಿಲ್ಲ. ಗುಡ್ಡದ ಕೆಳಗಿನ ಅರ್ಧವನ್ನಷ್ಟೇ ಮಶೀನಿನಲ್ಲಿ ಕತ್ತರಿಸಿರುತ್ತಾನೆ. ಮೇಲಿನರ್ಧ ಎದೆಯುದ್ದ ಹುಲ್ಲು. ಕತ್ತರಿಸಿದ ಜಾಗದಲ್ಲೂ ಅಲ್ಲಲ್ಲಿ ಮೊಳೆಯಂಥ ಕೂಳೆ, ಅಲ್ಲಲ್ಲಿ ಕೆಸರು. ರಕ್ತ ಹೀರುವ ಇಂಬಳ ಇನ್ನೂ ಊರು ಬಿಟ್ಟಿರುವುದಿಲ್ಲ. ಕಾಲುಚೀಲಕ್ಕೆ ಹೊಗೆಸೊಪ್ಪು ತಿಕ್ಕಿಕೊಂಡು ಹೋಗಬೇಕು. ಹತ್ತುವುದಕ್ಕೆ ಇಪ್ಪತ್ತು ನಿಮಿಷ, ಇಳಿಯುವುದಕ್ಕೆ ಇಪ್ಪತ್ತೇ ಸೆಕೆಂಡು. ಆದರೂ ಇಡೀ ಗುಡ್ಡದಲ್ಲಿ ನಾವಿಬ್ಬರೇ. ಪಾಸುದಾರರಿಗೆ ಒಂದು ದೊಡ್ಡಸ್ತಿಕೆ ಇರುತ್ತದೆ ನೋಡಿ. ಎರಡು ಸಲ ಜಾರಿ, ಮೂರನೆಯದಕ್ಕೆ ಮನಸ್ಸಿಲ್ಲವೆಂದರೆ ಬಿಟ್ಟು, ಬಂಡೆಯ ಮೇಲೆ ಕೂತು ಬೆಟ್ಟದ ನೆಲ್ಲಿಕಾಯಿ ತಿಂದು, ನೀರು ಕುಡಿದು, ಆ ಸಿಹಿಯನ್ನು ಬಾಯಲ್ಲಿ ಆಡಿಸುತ್ತ ದೂರದ ಮೋಡ ನೋಡಬಹುದು. ಅನ್ನಕ್ಕಿಡುವ ಹೊತ್ತಿಗೆ ಬಸ್ಸು ಹತ್ತಿ ಮನೆಗೆ ಬಂದುಬಿಡಬಹುದು. ಸೋಮವಾರ ಮತ್ತು ಗುರುವಾರ ನಮ್ಮ ದಿನ. ಆ ಎರಡು ದಿನ ನಮ್ಮ ಎರಡೂ ಮನೆಗಳಲ್ಲಿ ಹತ್ತು ನಿಮಿಷದಲ್ಲಾಗುವ ತಂಬುಳಿಯೇ ಯಾಕೆ ಎಂದು ಗಂಡಸರಿಬ್ಬರೂ ಕೇಳಲಿಲ್ಲ.

ಹೋದ ವರ್ಷ ಸೀಸನ್ನಿನ ಎರಡನೆಯ ವಾರವೋ ಮೂರನೆಯ ವಾರವೋ ಇರಬೇಕು. ನಳಿನಕ್ಕ ಸೀರೆಯ ಒಳಗೆ ಮೇಷ್ಟ್ರ ಹಳೆಯ ಪಿ.ಟಿ. ಪ್ಯಾಂಟು ಹಾಕಿ, ಸೆರಗನ್ನು ಸೊಂಟಕ್ಕೆ ಬಿಗಿದು, ‘ಇವತ್ತು ಗಳ ಬೇಡ, ನೋಡೇ ಬಿಡುವ’ ಎಂದು ಒಬ್ಬರೇ ಹೊರಟರು. ಬೇಡ ಎನ್ನುವುದರೊಳಗೆ ಹೋಗಿಯಾಗಿತ್ತು. ಎಷ್ಟು ವೇಗ ಎಂದರೆ ಸೆರಗು ಬಿಚ್ಚಿ ಹಿಂದೆ ಬಾವುಟದ ಹಾಗೆ ಹಾರಿತು. ಕೂಗು ಕೇಳಿ ಶೆಡ್ಡಿನಲ್ಲಿದ್ದ ಸುಧೀರನ ನಾಯಿ ಎದ್ದು ಓಡಿತು. ಕೊನೆಗೆ ಅವರು ಇಳಿಜಾರಿನ ಅಂಚಿನ ಕೇಪಳದ ಪೊದೆಯೊಳಗೆ ನಿಂತರು. ಕಾಲಿನ ಹಲಗೆಗಳೆರಡು ಮಾತ್ರ ಹೊರಗೆ ಕಾಣುತ್ತಿದ್ದವು.

ನಾನು ಕೂತಲ್ಲೇ ಜಾರಿ ಜಾರಿ ಅಲ್ಲಿಗೆ ಹೋಗುವ ಹೊತ್ತಿಗೆ ನಗು ತಡೆಯಲಾರದೆ ಕಣ್ಣಲ್ಲಿ ನೀರು. ಪೊದೆ ಸರಿಸಿ ನೋಡಿದೆ. ಅವರ ಕಣ್ಣಲ್ಲೂ ನೀರಿತ್ತು, ನಗುವಿನದಲ್ಲ. ತರಚಿತ್ತು ಅಷ್ಟೆ, ಪೆಟ್ಟೇನೂ ಆಗಿರಲಿಲ್ಲ. ಏಳಿಸಲು ಕೈ ಕೊಟ್ಟರೆ ಏಳಲಿಲ್ಲ. ಕೆಂಪು ಹೂವುಗಳ ನಡುವೆ ಹಾಗೇ ಒರಗಿ, ನನ್ನ ಕಡೆ ನೋಡದೆ, ಎರಡು ವಾಕ್ಯ ಹೇಳಿದರು. ಹದಿನೇಳನೆಯ ವಯಸ್ಸಿನಲ್ಲಿ ಅವರಿಗೆ ಒಂದು ಆಸೆಯಿತ್ತು, ಅದಕ್ಕೆ ಮನೆಯಲ್ಲಿ ಬಿಡಲಿಲ್ಲ. ಆ ಆಸೆಗೂ ಈ ವೇಗಕ್ಕೂ ಸಂಬಂಧವಿತ್ತು. ಅಷ್ಟೇ ನಾನು ಇಲ್ಲಿ ಬರೆಯುವುದು. ಆ ಎರಡು ವಾಕ್ಯವನ್ನು ಬರೆಯುವುದಿಲ್ಲ. ಒಂದು ಸಲ ಬಾಯಿ ಬಿಟ್ಟು ಪಟ್ಟದ್ದು ಸಾಕಾಗಿದೆ. ‘ಮೇಷ್ಟ್ರಿಗೂ ಗೊತ್ತಿಲ್ಲ ಇದು’ ಎಂದರು ಏಳುವಾಗ. ಆಮೇಲೆ ಬಂಡೆಯ ಮೇಲೆ ಕೂತು ನೆಲ್ಲಿಕಾಯಿ ತಿಂದೆವು. ಆ ವಿಷಯ ಅವರು ಮತ್ತೆ ಎತ್ತಲಿಲ್ಲ.

ಈಗ ನನ್ನ ತಪ್ಪಿನ ವಿಷಯ. ನನಗೆ ಕತೆ ಹೇಳುವ ಚಟ. ಹತ್ತು ಹೆಂಗಸರು ಕೂತಲ್ಲಿ ನನ್ನ ಬಾಯಿ ತನ್ನಷ್ಟಕ್ಕೆ ತೆರೆದುಕೊಳ್ಳುತ್ತದೆ. ಹಾಸ್ಟೆಲಿನಲ್ಲಿ ಸಿಸ್ಟರ್ ಕ್ಲಾರಿಸರ ನಡಿಗೆಯನ್ನು ಅನುಕರಿಸಿ ತೋರಿಸಿ, ಅವರು ಹಿಂದೆಯೇ ನಿಂತಿದ್ದದ್ದು ಗೊತ್ತಾಗದೆ, ಒಂದು ವಾರ ಊಟದ ಕೋಣೆಯ ಬೆಂಚು ಒರೆಸಿದವಳು ನಾನು. ಅಷ್ಟಕ್ಕೆ ಬುದ್ಧಿ ಬರಬೇಕಿತ್ತು.

ಶಿವರಾತ್ರಿ ಕಳೆದು ಗುಡ್ಡ ಮುಚ್ಚಿದ ವಾರ ನಮ್ಮ ಬೀದಿಯ ಒಬ್ಬರ ಮನೆಯಲ್ಲಿ ಸತ್ಯನಾರಾಯಣ ಪೂಜೆ. ಗಂಡಸರ ಪಂಕ್ತಿ ಎದ್ದಿತ್ತು, ಹೆಂಗಸರ ಪಂಕ್ತಿ ಕೂತಿತ್ತು. ಯಾರೋ ಕೇಳಿದರು, ‘ಅದೆಂತ ಸುಮನಾ, ನೀವಿಬ್ರು ಗುಡ್ಡದಲ್ಲಿ ಉರುಳಾಡ್ತೀರಂತೆ?’ ನನಗೆ ಅಷ್ಟೇ ಸಾಕಾಯಿತು. ಶುರುಮಾಡಿದೆ. ಪಿ.ಟಿ. ಪ್ಯಾಂಟು, ಬಾವುಟವಾದ ಸೆರಗು, ಓಡಿದ ನಾಯಿ. ಒಂದೊಂದಕ್ಕೂ ಪಂಕ್ತಿ ನಕ್ಕಿತು. ನಗುವಿನ ರುಚಿ ಹತ್ತಿದ ಮೇಲೆ ಮನುಷ್ಯ ಎಲ್ಲಿ ನಿಲ್ಲುತ್ತಾನೆ? ಪೊದೆಯ ಹತ್ತಿರ ಬಂದೆ. ಪೊದೆಯೊಳಗಿನ ಮಾತಿಗೂ ಬಂದೆ. ನಳಿನಕ್ಕನ ದನಿಯಲ್ಲೇ, ಅವರು ಮೂಗೆಳೆದ ಹಾಗೇ ಎಳೆದು, ಎರಡೂ ವಾಕ್ಯ ಹೇಳಿಬಿಟ್ಟೆ. ಎಲ್ಲರೂ ಬಿದ್ದು ಬಿದ್ದು ನಕ್ಕರು. ಎದುರು ಕೂತ ಹೆಂಗಸು ಮಾತ್ರ ಬಾಗಿಲ ಕಡೆ ನೋಡಿ ನಗು ನಿಲ್ಲಿಸಿದರು.

ಬಾಗಿಲಲ್ಲಿ ನಳಿನಕ್ಕ ಪಾಯಸದ ಪಾತ್ರೆ ಹಿಡಿದು ನಿಂತಿದ್ದರು.

ಸಾಲಿನ ತುದಿಯಿಂದ ಬಡಿಸುತ್ತ ಬಂದರು. ನನಗೂ ಬಡಿಸಿದರು, ಒಂದು ಸೌಟು ಹೆಚ್ಚೇ.

ಗೋಡೆ ಹಂಚಿಕೊಂಡವರು ಮಾತು ಬಿಟ್ಟರೆ ಅದು ಸಂಸಾರದ ಕೆಲಸದಷ್ಟೇ ಕಷ್ಟದ ಕೆಲಸ. ಮರುದಿನ ನೀರು ಬಂತು. ಮೊದಲಾದರೆ ‘ಸುಮನಾ, ನೀರೂ...’ ಎಂದು ಕೂಗುತ್ತಿದ್ದವರು ಅವತ್ತು, ‘ಮೇಷ್ಟ್ರೇ, ನೀರು ಬಂತು ಅಂತ ಪಕ್ಕದ ಮನೆಗೆ ಕೇಳ್ಲಿಕ್ಕೆ ಒಂಚೂರು ಗಟ್ಟಿ ಹೇಳಿ’ ಎಂದರು. ಮೇಷ್ಟ್ರು ಡ್ರಿಲ್ ಮಾಡಿಸುವ ಗಂಟಲಿನಲ್ಲಿ ‘ನೀರು ಬಂತೂ!’ ಎಂದರು. ಇಡೀ ಬೀದಿ ಎದ್ದಿತು. ಗೋಡೆಯ ಮೇಲೆ ಬಾಗಿದ ಕರಿಬೇವಿನ ಗಿಡ ಅವರದು, ನೆರಳು ನಮ್ಮದು. ಮೊದಲು ಕೇಳದೆ ಕೀಳುತ್ತಿದ್ದೆ. ಆಮೇಲೆ ಸಂತೆಯಿಂದ ಕರಿಬೇವು ತರುವುದಾಯಿತು, ಗಿಡ ಕಣ್ಣೆದುರೇ ತೂಗುತ್ತಿರುವಾಗ!

ಹೋಗಿ ತಪ್ಪಾಯಿತು ಎನ್ನಬಹುದಿತ್ತಲ್ಲ ಎಂದು ನೀವು ಹೇಳುತ್ತೀರಿ. ಎರಡು ಸಲ ಗೇಟಿನವರೆಗೆ ಹೋದೆ. ಎರಡು ಸಲವೂ ಹೇಳಬೇಕಾದ ಮಾತನ್ನು ತಮಾಷೆಯಾಗಿ ಹೇಗೆ ಶುರುಮಾಡುವುದು ಎಂದೇ ನನ್ನ ತಲೆ ಓಡುತ್ತಿತ್ತು. ನಾಚಿಕೆಯಾಗಿ ವಾಪಸು ಬಂದೆ.

ಇನ್ನೊಂದು ತೊಡಕು, ಡಬ್ಬಿ. ಪೂಜೆಯ ಹಿಂದಿನ ವಾರ ಅವರು ಮಿಡಿ ಉಪ್ಪಿನಕಾಯಿ ಹಾಕಿ ಕಳಿಸಿದ ಸ್ಟೀಲಿನ ಡಬ್ಬಿ ನಮ್ಮಲ್ಲೇ ಉಳಿದಿತ್ತು. ಮುಚ್ಚಳದ ಮೇಲೆ ಚುಕ್ಕಿ ಚುಕ್ಕಿ ಅಕ್ಷರದಲ್ಲಿ ‘ನಳಿನ’ ಎಂದು ಕೊರೆದಿದೆ. ನಮ್ಮ ಕಡೆ ಬಂದ ಪಾತ್ರೆಯನ್ನು ಬರಿದಾಗಿ ವಾಪಸು ಕೊಡುವುದಿಲ್ಲ, ನಾಲ್ಕು ಬಾಳೆಹಣ್ಣೋ ಒಂದು ಅಚ್ಚು ಬೆಲ್ಲವೋ ಇಟ್ಟು ಕೊಡಬೇಕು. ಆದರೆ ಮಾತು ಬಿಟ್ಟವರ ಡಬ್ಬಿಯಲ್ಲಿ ಏನಿಟ್ಟು ಕೊಡುವುದು? ಬೆಲ್ಲ ಇಟ್ಟರೆ ಅಣಕಿಸಿದ ಹಾಗೆ. ಖಾಲಿ ಕೊಟ್ಟರೆ ಎಲ್ಲ ಮುಗಿಯಿತು ಎಂದ ಹಾಗೆ. ಒಂಬತ್ತು ತಿಂಗಳು ಅದನ್ನು ಬೆಳಗಿ ಬೆಳಗಿ ಕಪಾಟಿನಲ್ಲಿಟ್ಟೆ. ನಮ್ಮ ಮನೆಯಲ್ಲಿ ಅಷ್ಟು ಹೊಳೆಯುವ ಪಾತ್ರೆ ಇನ್ನೊಂದಿಲ್ಲ.

ಅಂತೂ ಸೋಮವಾರ, ಪಾಸು ಕೈಯಲ್ಲಿ ಹಿಡಿದು ಕೂತವಳು, ಎದ್ದು, ಗುಡ್ಡಕ್ಕೆ ಹೋಗುವಾಗಲೆಲ್ಲ ಹಾಕುತ್ತಿದ್ದ ಆ ನೀಲಿ ಪ್ಯಾಂಟು ಹಾಕಿಕೊಂಡೆ. ಯಾಕೆಂದು ಕೇಳಬೇಡಿ. ಕಂಬಳಿಗಳನ್ನು ಬಿಸಿಲಿಗೆ ಬಿಟ್ಟು ಬಸ್ಸು ಹತ್ತಿದೆ.

ಸುಧೀರ ಹುಲ್ಲು ಕತ್ತರಿಸುವ ಮಶೀನು ನಿಲ್ಲಿಸಿ ಕನ್ನಡಕ ಏರಿಸಿದ. ನನ್ನ ಹಿಂದೆ ರಸ್ತೆಯವರೆಗೆ ನೋಡಿದ.

‘ನಳಿನಕ್ಕ?’

‘ಇಲ್ಲ.’

‘ಹುಷಾರಿಲ್ವಾ?’

‘ಹುಷಾರಿದಾರೆ.’

ಅವನು ಮತ್ತೆ ಕೇಳಲಿಲ್ಲ. ಕೊಪ್ಪದಲ್ಲಿ ಯಾರು ಯಾರೊಡನೆ ಮಾತು ಬಿಟ್ಟಿದ್ದಾರೆ ಎನ್ನುವುದು ಶೆಟ್ಟಿಕೊಪ್ಪದವರೆಗೆ ಬಸ್ಸಿಗಿಂತ ಮೊದಲು ಹೋಗುತ್ತದೆ. ‘ಪಾಸು ಜೋಡಿದು ಅಕ್ಕ. ಬೋರ್ಡಲ್ಲಿ ಹಾಗೇ ಬರ್ಸಿದೀನಿ, ಇಬ್ರ ಹೆಸ್ರಿಗೆ ಬರೀ ಅಂದಿದ್ದೂ ನೀವೇ’ ಎಂದ. ಆಮೇಲೆ ನನ್ನ ಮುಖ ನೋಡಿ, ‘ಇವತ್ತೊಂದಿನ ಹೋಗಿ ಬನ್ನಿ. ಗಳ ಹಿಡಿಲಿಕ್ಕೆ ನಂಗೆ ಪುರುಸೊತ್ತಿಲ್ಲ. ಅರ್ಧಕ್ಕಿಂತ ಮೇಲೆ ಹತ್ತಬೇಡಿ’ ಎಂದ.

ಹತ್ತುವಾಗಲೇ ಗೊತ್ತಾಯಿತು ಏನೋ ಕಡಿಮೆ ಎಂದು. ಹಲಗೆ ಹೊತ್ತು ಹತ್ತುವಾಗ ನಳಿನಕ್ಕ ಏದುಸಿರಿನ ಮಧ್ಯೆ ಬೈಯುತ್ತಿದ್ದರು: ಗುಡ್ಡವನ್ನು, ಸುಧೀರನನ್ನು, ಮೇಷ್ಟ್ರನ್ನು, ನನ್ನನ್ನು. ಆ ಬೈಗುಳದಲ್ಲಿ ದಾರಿ ಸವೆಯುತ್ತಿತ್ತು. ಈಗ ನನ್ನ ಉಸಿರು ಮಾತ್ರ ಕೇಳುತ್ತಿತ್ತು. ಹುಲ್ಲಿನ ತುದಿಯಲ್ಲಿ ಇನ್ನೂ ಇಬ್ಬನಿ. ಎದುರಿನ ಗುಡ್ಡಗಳ ನಡುವೆ ಮಂಜು ಹಾಲು ಹೆಪ್ಪುಗಟ್ಟಿದ ಹಾಗೆ ಕೂತಿತ್ತು. ಇಷ್ಟು ಚಂದದ ಬೆಳಿಗ್ಗೆ ‘ನೋಡಿ’ ಎನ್ನಲು ಯಾರೂ ಇಲ್ಲ.

ಮಂಡಿ ಬಗ್ಗಿಸಿದೆ, ಬೆನ್ನು ಬಗ್ಗಿಸಿದೆ, ಬಿಟ್ಟೆ. ಮೊದಲು ಒಂದೆರಡು ಕ್ಷಣ ನೆಟ್ಟಗೇ ಹೋದೆ. ಆಮೇಲೆ ಸೊಂಟಕ್ಕೆ ಮಗಳೂ ಕೊಡವೂ ನೆನಪಾದವು. ಎಡಕ್ಕೆ, ಇನ್ನೂ ಎಡಕ್ಕೆ. ತಳ್ಳುವ ಗಳಕ್ಕಾಗಿ ಕೈ ತಾನಾಗಿ ಎಡಕ್ಕೆ ಚಾಚಿತು. ಗಾಳಿ ಸಿಕ್ಕಿತು. ಹಸಿ ಹುಲ್ಲಿನ ಮೇಲೆ ಎಡ ಪಕ್ಕೆಯಲ್ಲಿ ಉದ್ದಕ್ಕೆ ಜಾರಿಹೋಗಿ ನಿಂತದ್ದು ಎಲ್ಲಿ ಎನ್ನುತ್ತೀರಿ? ಅದೇ ಕೇಪಳದ ಪೊದೆಯೊಳಗೆ.

ಪೆಟ್ಟಾಗಲಿಲ್ಲ. ಆದರೆ ಏಳಲಾಗಲಿಲ್ಲ. ಕಾಲಿನ ಹಲಗೆಗಳು ಕೊಂಬೆಗೆ ಸಿಕ್ಕಿದ್ದವು. ಮೇಲೆ ಆಕಾಶ, ಸುತ್ತ ಕೆಂಪು ಹೂವು, ಕೆಳಗೆ ಸುಧೀರನ ಮಶೀನಿನ ಗುಂಯ್ ಸದ್ದು, ಕೂಗಿದರೂ ಕೇಳದು. ಯಾರಾದರೂ ಈಗ ನನ್ನನ್ನು ನೋಡಿದರೆ ನಗುತ್ತಾರೆ ಎನಿಸಿತು. ಆ ಯಾರೋ ನಗುತ್ತ ಬಂದು, ಕೈ ಕೊಟ್ಟು, ಆಮೇಲೆ ಊರಿಗೆಲ್ಲ ಹೇಳಿದರೆ? ಇಷ್ಟು ದಿನ ನಾನು ತಪ್ಪು ಮಾಡಿದೆ ಎಂದು ಗೊತ್ತಿತ್ತು. ಅದು ಎಲ್ಲಿ ಹೋಗಿ ತಾಗಿತ್ತು ಎಂದು ಗೊತ್ತಾಗಲು ಅದೇ ಪೊದೆಯಲ್ಲಿ ಅಂಗಾತ ಬೀಳಬೇಕಾಯಿತು. ಹದಿನೈದು ನಿಮಿಷ ಬೇಕಾಯಿತು ಬೂಟಿನ ಪಟ್ಟಿ ಬಿಚ್ಚಿ ಹೊರಗೆ ಬರಲು. ಬಂದವಳು ಬಂಡೆಯ ಪಕ್ಕದ ಮರದಿಂದ ದುಪಟ್ಟಾದ ತುಂಬ ನೆಲ್ಲಿಕಾಯಿ ಕೊಯ್ದುಕೊಂಡೆ. ಸುಧೀರ ಕೇಳಿದ, ‘ಇನ್ನೊಂದು ರೌಂಡು?’ ‘ಬೇಡ’ ಎಂದೆ.

ಮನೆಗೆ ಬಂದು ಪ್ಯಾಂಟು ಒಗೆದು ತಂತಿಗೆ ಹಾಕಿದೆ. ಕಲೆ ಹೋಗಲಿಲ್ಲ. ಸಂಜೆ ಐದರ ಹೊತ್ತಿಗೆ, ಬಿಸಿಲು ಕರಿಬೇವಿನ ಗಿಡದ ತುದಿಗೆ ಏರಿದ್ದಾಗ, ನಳಿನಕ್ಕ ಅವರ ಹಿತ್ತಿಲಿನಲ್ಲಿ ಬಟ್ಟೆ ತೆಗೆಯಲು ಬಂದ ಸದ್ದಾಯಿತು. ಡಬ್ಬಿಗೆ ನೆಲ್ಲಿಕಾಯಿ ತುಂಬಿ, ಒಂದು ಚಿಟಿಕೆ ಉಪ್ಪಿನ ಪೊಟ್ಟಣವನ್ನೂ ಇಟ್ಟು ಮುಚ್ಚಳ ಹಾಕಿದೆ. ಹಾಸ್ಟೆಲಿನಲ್ಲಿ ಸಿಸ್ಟರ್ ಮುಂದೆ ನಿಂತ ಹಾಗೆ ಗೋಡೆಯ ಹತ್ತಿರ ನಿಂತೆ, ಬೆನ್ನು ನೇರ, ಮಂಡಿ ನೇರ.

‘ನಳಿನಕ್ಕ.’

ಅವರು ಹೆಗಲ ಮೇಲೆ ಮೇಷ್ಟ್ರ ಪಂಚೆ ಹಾಕಿಕೊಂಡು ತಿರುಗಿದರು.

‘ಅವತ್ತು ನೀವು ಹೇಳಿದ್ದು ನನ್ನ ಹತ್ರ ಮಾತ್ರ. ಅದನ್ನ ನಾನು ನಗ್ಸೋದಕ್ಕೆ ಹೇಳ್ದೆ. ಹೇಳಬಾರದಿತ್ತು. ನನ್ನಿಂದ ತಪ್ಪಾಯ್ತು.’

ಅಷ್ಟೇ ಬಂತು. ಇಷ್ಟು ಸಪ್ಪೆಯಾಗಿ ನಾನು ಜನ್ಮದಲ್ಲಿ ಮಾತಾಡಿಲ್ಲ. ಅವರು ಗೋಡೆಯ ಹತ್ತಿರ ಬಂದು ಡಬ್ಬಿ ತೆಗೆದುಕೊಂಡರು. ಮುಚ್ಚಳ ತೆರೆದು ನೋಡಿದರು. ಒಂದು ನೆಲ್ಲಿಕಾಯಿ ತೆಗೆದು ಮೂಗಿನ ಹತ್ತಿರ ಹಿಡಿದು ಮತ್ತೆ ಒಳಗಿಟ್ಟರು. ಮುಚ್ಚಿದರು. ಡಬ್ಬಿಯನ್ನು ಸೊಂಟಕ್ಕೆ ಒತ್ತಿಕೊಂಡು ಹಿತ್ತಿಲ ಬಾಗಿಲ ಕಡೆ ನಡೆದರು.

ನಾನು ಗೋಡೆ ಹಿಡಿದು ನಿಂತೇ ಇದ್ದೆ. ಆಯಿತು, ಡಬ್ಬಿಯಾದರೂ ಬರಿದಾಗಿ ಹೋಗಲಿಲ್ಲ ಎಂದುಕೊಂಡೆ.

ಬಾಗಿಲ ಮೆಟ್ಟಿಲ ಮೇಲೆ ಒಂದು ಕಾಲಿಟ್ಟವರು ತಿರುಗಿದರು. ನನ್ನನ್ನು ನೋಡಲಿಲ್ಲ. ನನ್ನ ತಲೆಯ ಮೇಲಿಂದ, ತಂತಿಯ ಮೇಲೆ ನೀರು ತೊಟ್ಟಿಕ್ಕುತ್ತಿದ್ದ ನೀಲಿ ಪ್ಯಾಂಟನ್ನು, ಅದರ ಎಡಗಡೆ ಸೊಂಟದಿಂದ ಮಂಡಿಯವರೆಗೆ ಹಬ್ಬಿದ್ದ ಹಸಿರು ಕಲೆಯನ್ನು ನೋಡಿದರು.

‘ಇನ್ನೂ ಎಡಕ್ಕೇ ಬೀಳ್ತೀಯಲ್ಲೇ ಮಾರಾಯ್ತಿ’ ಎಂದರು. ‘ನಿಂಬೆಹಣ್ಣು ತಿಕ್ಕು ಅದಕ್ಕೆ. ಗುರುವಾರದೊಳಗೆ ಒಣಗ್ಬೇಕಲ್ಲ.’